ಇಂಗ್ಲಿಷಿನ ಅಧೀನ ಉಪವಾಕ್ಯಗಳನ್ನು ಗುರುತಿಸುವುದು ಹೇಗೆ? ಕನ್ನಡ ಬಲ್ಲವರಿಗೆ ಒಂದು ಮಾರ್ಗದರ್ಶಿ

ಇಂಗ್ಲಿಷ್ ವ್ಯಾಕರಣದ ವಿಷಯದಲ್ಲಿ ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಇದು: "ನೌನ್ ಕ್ಲಾಜ್, ಅಡ್ಜೆಕ್ಟಿವ್ ಕ್ಲಾಜ್, ಅಡ್ವರ್ಬ್ ಕ್ಲಾಜ್ ಎಂಬ ಹೆಸರುಗಳೂ ಅವುಗಳ ವ್ಯಾಖ್ಯೆಗಳೂ ಬಾಯಿಪಾಠವಾಗಿವೆ, ಆದರೆ ಪರೀಕ್ಷೆಯಲ್ಲಿ ವಾಕ್ಯ ಎದುರಿಗೆ ಬಂದಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ, ಏನು ಮಾಡಬೇಕು?" ಪಿಯುಸಿ ವಿದ್ಯಾರ್ಥಿಗಳು, ಬ್ಯಾಂಕ್ ಪರೀಕ್ಷೆಗೆ ಸಿದ್ಧರಾಗುತ್ತಿರುವವರು, ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ತಂದೆತಾಯಿಗಳು, ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ.

ಈ ತೊಡಕಿಗೆ ಕಾರಣ ಬಹುಮಟ್ಟಿಗೆ ಕಲಿಸುವ ಕ್ರಮದಲ್ಲಿದೆ. 'ವೆನ್' ಬಂದರೆ ಅಡ್ವರ್ಬ್ ಕ್ಲಾಜ್, 'ಹೂ' ಬಂದರೆ ಅಡ್ಜೆಕ್ಟಿವ್ ಕ್ಲಾಜ್, 'ದಟ್' ಬಂದರೆ ನೌನ್ ಕ್ಲಾಜ್ ಎಂದು ಪಟ್ಟಿ ಬರೆಯಿಸಿ ಉರು ಹೊಡೆಸುವುದು ಸುಲಭ. ಆದರೆ ಉಪವಾಕ್ಯದ ಬಗೆಯನ್ನು ನಿರ್ಧರಿಸುವುದು ಅದು ಮಾಡುವ ಕೆಲಸವೇ ಹೊರತು ಅದರ ಮೊದಲಿಗೆ ನಿಂತ ಪದವಲ್ಲ. ಆದ್ದರಿಂದ ಪಟ್ಟಿಯನ್ನು ನಂಬಿದವರು ಸುಲಭದ ವಾಕ್ಯಗಳಲ್ಲಿ ಪಾರಾಗಿ, ನಿಜವಾಗಿ ಅಂಕ ಕೊಡುವ ವಾಕ್ಯಗಳಲ್ಲಿ ಎಡವುತ್ತಾರೆ. ಕೆಳಗಿನ ಹಂತಗಳು ಪಟ್ಟಿಯನ್ನು ಪಕ್ಕಕ್ಕಿಟ್ಟು ಕೆಲಸದಿಂದ ಆರಂಭಿಸುತ್ತವೆ. ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಅವುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಅಭ್ಯಾಸ ಮಾಡಿ.

ಮೊದಲು ತಿಳಿದಿರಬೇಕಾದದ್ದು

ಕರ್ತೃ, ಕರ್ಮ, ಕ್ರಿಯಾಪದ, ನಾಮಪದ, ವಿಶೇಷಣ, ಕ್ರಿಯಾವಿಶೇಷಣ ಎಂಬ ಆರು ಮಾತುಗಳ ಅರ್ಥ ಗೊತ್ತಿದ್ದರೆ ಸಾಕು. ಸ್ವಂತ ಕರ್ತೃ ಮತ್ತು ಸ್ವಂತ ಕ್ರಿಯಾಪದ ಇರುವ ಪದಸಮೂಹವನ್ನು ಇಂಗ್ಲಿಷಿನಲ್ಲಿ ಕ್ಲಾಜ್ ಎನ್ನುತ್ತಾರೆ. ಇಲ್ಲಿ ಅದನ್ನು ಉಪವಾಕ್ಯ ಎಂದು ಕರೆಯೋಣ. ತನ್ನ ಪಾಡಿಗೆ ತಾನು ಪೂರ್ಣವಾಗಿ ನಿಲ್ಲಬಲ್ಲದ್ದು ಪ್ರಧಾನ ಉಪವಾಕ್ಯ, ಇನ್ನೊಂದರ ಆಸರೆ ಬೇಕಾದದ್ದು ಅಧೀನ ಉಪವಾಕ್ಯ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ವಿಂಗಡಣೆಯನ್ನು ನೀವು ಓದಿರುತ್ತೀರಿ. ಅಲ್ಲಿ ಮಿಶ್ರ ವಾಕ್ಯ ಎಂದು ಕಲಿತದ್ದೇ ಇಲ್ಲಿಯ ವಿಷಯ.

ಹಂತ 1: ಪೂರ್ಣ ಕ್ರಿಯಾಪದಗಳನ್ನು ಎಣಿಸಿ

ಯಾವ ವಾಕ್ಯ ಕೊಟ್ಟರೂ ಮೊದಲು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಎಷ್ಟು ಪೂರ್ಣ ಕ್ರಿಯಾಪದಗಳಿವೆಯೋ ಸಾಮಾನ್ಯವಾಗಿ ಅಷ್ಟೇ ಉಪವಾಕ್ಯಗಳಿರುತ್ತವೆ. ಪೂರ್ಣ ಕ್ರಿಯಾಪದವೆಂದರೆ ಕಾಲವನ್ನು ತೋರಿಸುವ, ಕರ್ತೃವಿನೊಂದಿಗೆ ಹೊಂದಿಕೊಳ್ಳುವ ಕ್ರಿಯಾಪದ. ಇಂಗ್ಲಿಷಿನಲ್ಲಿ ಇದಕ್ಕೆ ಫೈನೈಟ್ ವರ್ಬ್ ಎಂದು ಹೆಸರು. "ವುಡ್ ಕಾಲ್", "ಹ್ಯಾಸ್ ಬೀನ್ ವೇಟಿಂಗ್", "ವಿಲ್ ಬಿ ಸೆಂಟ್" ಮುಂತಾದ ಗುಂಪುಗಳನ್ನು ಒಂದೊಂದೇ ಕ್ರಿಯಾಪದವೆಂದು ಎಣಿಸಬೇಕು.

"ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ ಸೆಡ್ ದಟ್ ಹಿ ವುಡ್ ಕಾಲ್ ಮಿ ವೆನ್ ಹಿ ರೀಚ್ಡ್ ಮೈಸೂರು" ಎಂಬ ವಾಕ್ಯದಲ್ಲಿ 'ಕೇಮ್', 'ಸೆಡ್', 'ವುಡ್ ಕಾಲ್', 'ರೀಚ್ಡ್' ಎಂಬ 4 ಪೂರ್ಣ ಕ್ರಿಯಾಪದಗಳಿವೆ. ಆದ್ದರಿಂದ ಉಪವಾಕ್ಯಗಳೂ 4.

ಎಚ್ಚರಿಕೆ ಎರಡು. 'ಟು ಗೋ', 'ಗೋಯಿಂಗ್' ಮುಂತಾದ ಅಪೂರ್ಣ ರೂಪಗಳನ್ನು ಎಣಿಸಬೇಡಿ. ಹೊಸ ಬಗೆಯ ವ್ಯಾಕರಣಗಳು ಇವುಗಳನ್ನೂ ಒಂದು ತರಹದ ಉಪವಾಕ್ಯಗಳೆಂದೇ ಪರಿಗಣಿಸುತ್ತವೆಯಾದರೂ, ನಮ್ಮ ಶಾಲೆ ಕಾಲೇಜುಗಳ ಪಾಠಕ್ರಮದಲ್ಲಿ ಇವು ಫ್ರೇಜ್, ಅಂದರೆ ಪದಪುಂಜ ಮಾತ್ರ. ಇನ್ನೊಂದು, ಭೂತಕಾಲದ ಕ್ರಿಯಾಪದದಂತೆಯೇ ಕಾಣುವ ಕೃದಂತಗಳು, ಅಂದರೆ ಕ್ರಿಯಾಪದದಿಂದ ಹುಟ್ಟಿ ವಿಶೇಷಣದಂತೆ ನಿಲ್ಲುವ ರೂಪಗಳು. "ದ ಲೆಟರ್ ಸೆಂಟ್ ಯೆಸ್ಟರ್‌ಡೇ ರೀಚ್ಡ್ ಮಿ ಟುಡೇ" ಎಂಬಲ್ಲಿ 'ಸೆಂಟ್' ಪೂರ್ಣ ಕ್ರಿಯಾಪದವಲ್ಲ, ಏಕೆಂದರೆ ಪತ್ರವು ತಾನಾಗಿ ಏನನ್ನೂ ಕಳಿಸಲಿಲ್ಲ. ಅದು ಕಳಿಸಲ್ಪಟ್ಟ ಪತ್ರ. ಇಲ್ಲಿರುವುದು 'ರೀಚ್ಡ್' ಎಂಬ ಒಂದೇ ಪೂರ್ಣ ಕ್ರಿಯಾಪದ. ಅನುಮಾನ ಬಂದಾಗ "ಯಾರು ಮಾಡಿದರು?" ಎಂದು ಕ್ರಿಯಾಪದವನ್ನು ಕೇಳಿ ನೋಡಿ.

ಹಂತ 2: ತಲೆಪದವನ್ನು ಹುಡುಕಿ ಪ್ರಧಾನ ಉಪವಾಕ್ಯವನ್ನು ಬೇರ್ಪಡಿಸಿ

ಕನ್ನಡದವರಿಗೆ ಇಂಗ್ಲಿಷ್ ಮಿಶ್ರ ವಾಕ್ಯ ಮೊದಮೊದಲು ಅಡ್ಡಾದಿಡ್ಡಿಯಾಗಿ ಕಾಣುವುದು ಈ ಹಂತದಲ್ಲಿ. ನಮ್ಮ ಭಾಷೆಯಲ್ಲಿ ಅಧೀನತೆಯನ್ನು ಹೊರುವುದು ಕ್ರಿಯಾಪದದ ಕೊನೆ: ಬಂದರೆ, ಬಂದಾಗ, ಬಂದರೂ, ಬಂದದ್ದರಿಂದ, ಬರುವ ತನಕ, ಬರಲೆಂದು. ಕೊನೆಯ ಒಂದು ಅಕ್ಷರ ಬದಲಾದರೆ ಷರತ್ತು ಹೋಗಿ ವಿರೋಧ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪದಿಂದ ಈ ಸಂಬಂಧ ತಿಳಿಯುವುದಿಲ್ಲ. "ಹಿ ಕೇಮ್" ಎಂಬುದು "ವೆನ್ ಹಿ ಕೇಮ್" ಆದರೂ "ಬಿಕಾಸ್ ಹಿ ಕೇಮ್" ಆದರೂ "ಆಲ್ದೋ ಹಿ ಕೇಮ್" ಆದರೂ 'ಕೇಮ್' ಅಲುಗುವುದಿಲ್ಲ. ಸಂಬಂಧವನ್ನು ಹೇಳುವುದು ಉಪವಾಕ್ಯದ ಮೊದಲಿಗೆ ಬರುವ ಪ್ರತ್ಯೇಕ ಪದ. ಪಠ್ಯಪುಸ್ತಕಗಳು ಇದನ್ನು ಸಬಾರ್ಡಿನೇಟಿಂಗ್ ಕಂಜಂಕ್ಷನ್, ರಿಲೆಟಿವ್ ಪ್ರೊನೌನ್ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತವೆ. ಅನುಕೂಲಕ್ಕಾಗಿ ಇಲ್ಲಿ ಎಲ್ಲವನ್ನೂ ತಲೆಪದ ಎನ್ನೋಣ. ಕನ್ನಡದಲ್ಲಿ ಕೊನೆಯನ್ನು ನೋಡುವ ನಮ್ಮ ಕಣ್ಣನ್ನು ಇಂಗ್ಲಿಷಿನಲ್ಲಿ ಮೊದಲಿಗೆ ತಿರುಗಿಸಿಕೊಳ್ಳಬೇಕು.

ತಲೆಪದವಿಲ್ಲದೆ ನಿಲ್ಲುವ ಉಪವಾಕ್ಯ ಸಾಮಾನ್ಯವಾಗಿ ಪ್ರಧಾನ ಉಪವಾಕ್ಯ. 'ಆಂಡ್', 'ಬಟ್', 'ಆರ್', 'ಸೋ' ಎಂಬ ಪದಗಳು ಸಮಾನರನ್ನು ಜೋಡಿಸುತ್ತವೆ. ಅವುಗಳನ್ನು ತಲೆಪದಗಳೆಂದು ಲೆಕ್ಕ ಹಿಡಿಯಬೇಡಿ. ಕೆಲವೊಮ್ಮೆ ತಲೆಪದ ಅಡಗಿರುತ್ತದೆ: "ಐ ನೋ ಹಿ ಈಸ್ ಹಿಯರ್" ಎಂಬುದು ವಾಸ್ತವವಾಗಿ "ಐ ನೋ ದಟ್ ಹಿ ಈಸ್ ಹಿಯರ್". ಕ್ರಿಯಾಪದಗಳು 2 ಇದ್ದು ತಲೆಪದವೂ ಇಲ್ಲ, 'ಆಂಡ್' 'ಬಟ್'ಗಳೂ ಇಲ್ಲ ಎಂದಾದರೆ, ಅಡಗಿರುವ ಒಂದು 'ದಟ್' ಇದೆಯೇ ಎಂದು ಹುಡುಕಿ.

ಈ ಹಂತದಲ್ಲಿಯೇ ಬರವಣಿಗೆಯ ಒಂದು ದೊಡ್ಡ ತಪ್ಪು ಹುಟ್ಟುತ್ತದೆ. ಕನ್ನಡದಲ್ಲಿ "ನಾನು ನಿನ್ನೆ ಬರಲಿಲ್ಲ. ಏಕೆಂದರೆ ನನಗೆ ಜ್ವರ ಬಂದಿತ್ತು." ಎಂದು ಎರಡು ವಾಕ್ಯಗಳಾಗಿ ಬರೆಯುವುದು ಸರಿಯೇ. ಅದನ್ನೇ ಅನುಸರಿಸಿ ಇಂಗ್ಲಿಷಿನಲ್ಲಿ "ಐ ಡಿಡ್ ನಾಟ್ ಕಮ್ ಯೆಸ್ಟರ್‌ಡೇ" ಎಂದು ಪೂರ್ಣವಿರಾಮ ಹಾಕಿ "ಬಿಕಾಸ್ ಐ ಹ್ಯಾಡ್ ಫೀವರ್" ಎಂದು ಹೊಸ ವಾಕ್ಯ ಆರಂಭಿಸಿದರೆ ಎರಡನೆಯದು ಆಸರೆ ತಪ್ಪಿದ ತುಂಡಾಗುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೂ ರಜೆ ಅರ್ಜಿಯಲ್ಲಿಯೂ ಇದನ್ನು ತಪ್ಪೆಂದೇ ಪರಿಗಣಿಸುತ್ತಾರೆ. ನಡುವಿನ ಪೂರ್ಣವಿರಾಮವನ್ನು ತೆಗೆದುಬಿಡಿ, ಅಲ್ಪವಿರಾಮವೂ ಬೇಡ.

ಹಂತ 3: "ನಿನ್ನ ಕೆಲಸವೇನು?" ಎಂದು ಕೇಳಿ

ಈಗ ಬಗೆಯನ್ನು ನಿರ್ಧರಿಸುವ ಹೊತ್ತು. ಒಂದೇ ತಲೆಪದವಿರುವ ಈ ಮೂರು ವಾಕ್ಯಗಳನ್ನು ನೋಡಿ:

"ಐ ನೋ ವೆನ್ ಹಿ ಕೇಮ್."
"ಐ ರಿಮೆಂಬರ್ ದ ಡೇ ವೆನ್ ಹಿ ಕೇಮ್."
"ಐ ವಾಸ್ ಸ್ಲೀಪಿಂಗ್ ವೆನ್ ಹಿ ಕೇಮ್."

ಮೂರರಲ್ಲಿಯೂ "ವೆನ್ ಹಿ ಕೇಮ್" ಅಕ್ಷರ ಬದಲಾಗದೆ ಇದೆ. ಕನ್ನಡಕ್ಕೆ ತಂದರೆ ಮಾತ್ರ ಬಣ್ಣ ಬಯಲಾಗುತ್ತದೆ: ಅವನು ಯಾವಾಗ ಬಂದನೆಂಬುದು ನನಗೆ ಗೊತ್ತು, ಅವನು ಬಂದ ದಿನ ನನಗೆ ನೆನಪಿದೆ, ಅವನು ಬಂದಾಗ ನಾನು ಮಲಗಿದ್ದೆ. 'ಬಂದನೆಂಬುದು' ಎಂಬುದು ನಾಮಪದದ ಸ್ಥಾನದಲ್ಲಿದೆ, 'ಬಂದ' ಎಂಬುದು ದಿನಕ್ಕೆ ವಿಶೇಷಣವಾಗಿದೆ, 'ಬಂದಾಗ' ಎಂಬುದು ಮಲಗಿದ್ದ ಕಾಲವನ್ನು ಹೇಳುತ್ತಿದೆ. ಇಂಗ್ಲಿಷ್ ಮುಚ್ಚಿಡುವುದನ್ನು ಕನ್ನಡದ ಪ್ರತ್ಯಯ ತೋರಿಸಿಕೊಡುತ್ತದೆ. ಆದ್ದರಿಂದ ನಾನು ಮೊದಲು ಶಿಫಾರಸು ಮಾಡುವ ಪರೀಕ್ಷೆ ಇದೇ: ಉಪವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತನ್ನಿ, ಕ್ರಿಯಾಪದದ ಕೊನೆಯನ್ನು ಗಮನಿಸಿ. 'ಎಂದು', 'ಎಂಬುದು', 'ಎಂಬುದನ್ನು' ಬಂದರೆ ಅದು ನಾಮಪದ ಉಪವಾಕ್ಯ (ನೌನ್ ಕ್ಲಾಜ್). 'ಬಂದ', 'ಬರುವ', 'ಬಾರದ' ಎಂಬ ಕೃದಂತ ಬಂದು ಅದರ ಬೆನ್ನಿಗೇ ನಾಮಪದ ನಿಂತರೆ ವಿಶೇಷಣ ಉಪವಾಕ್ಯ (ಅಡ್ಜೆಕ್ಟಿವ್ ಕ್ಲಾಜ್). 'ಆಗ', 'ಅರೆ', 'ಅರೂ', 'ದ್ದರಿಂದ', 'ತನಕ', 'ಹಾಗೆ' ಬಂದರೆ ಕ್ರಿಯಾವಿಶೇಷಣ ಉಪವಾಕ್ಯ (ಅಡ್ವರ್ಬ್ ಕ್ಲಾಜ್).

ಕನ್ನಡದ ಪರೀಕ್ಷೆ ಸಾಲದೆನಿಸಿದರೆ ಇಂಗ್ಲಿಷಿನಲ್ಲಿಯೇ ಇನ್ನೊಂದನ್ನು ಮಾಡಬಹುದು. ಉಪವಾಕ್ಯವನ್ನು ಪೂರ್ತಿ ತೆಗೆದು ಆ ಜಾಗದಲ್ಲಿ 'ಸಮ್‌ಥಿಂಗ್' ಎಂದು ಇಟ್ಟುನೋಡಿ. "ಐ ನೋ ಸಮ್‌ಥಿಂಗ್" ಸರಿಹೊಂದುತ್ತದೆ, ಆದ್ದರಿಂದ ಅದು ನಾಮಪದ ಉಪವಾಕ್ಯ. "ಐ ವಾಸ್ ಸ್ಲೀಪಿಂಗ್ ಸಮ್‌ಥಿಂಗ್" ಹೊಂದುವುದಿಲ್ಲ. ಆ ಉಪವಾಕ್ಯವನ್ನು ವಾಕ್ಯದ ಆರಂಭಕ್ಕೆ ಸರಿಸಿದರೂ ("ವೆನ್ ಹಿ ಕೇಮ್, ಐ ವಾಸ್ ಸ್ಲೀಪಿಂಗ್") ಅರ್ಥ ಕೆಡದಿದ್ದರೆ ಅದು ಬಹುಪಾಲು ಕ್ರಿಯಾವಿಶೇಷಣ ಉಪವಾಕ್ಯ. ವಿಶೇಷಣ ಉಪವಾಕ್ಯ ಹೀಗೆ ಸರಿಯಲು ಒಪ್ಪುವುದಿಲ್ಲ. ತಾನು ಬಣ್ಣಿಸುವ ನಾಮಪದವನ್ನು ಬಿಟ್ಟು ಅದು ದೂರ ಹೋಗಲಾರದು.

ಹಂತ 4: ನಾಮಪದ ಉಪವಾಕ್ಯ

ನಾಮಪದ ಎಲ್ಲೆಲ್ಲಿ ನಿಲ್ಲುತ್ತದೆಯೋ ಅಲ್ಲೆಲ್ಲ ಇದು ನಿಲ್ಲುತ್ತದೆ. "ವಾಟ್ ಹಿ ಸೆಡ್ ಈಸ್ ಟ್ರೂ" ಎಂಬಲ್ಲಿ ಕರ್ತೃ. "ಶಿ ಬಿಲೀವ್ಸ್ ದಟ್ ಹಿ ಈಸ್ ಆನೆಸ್ಟ್" ಎಂಬಲ್ಲಿ ಕರ್ಮ. "ದ ಪ್ರಾಬ್ಲಮ್ ಈಸ್ ದಟ್ ವಿ ಹ್ಯಾವ್ ನೋ ಟೈಮ್" ಎಂಬಲ್ಲಿ ಕರ್ತೃವಿಗೆ ಪೂರಕ, ಅಂದರೆ ಕರ್ತೃ ಏನೆಂದು ಹೇಳಿ ವಾಕ್ಯವನ್ನು ಪೂರ್ಣಗೊಳಿಸುವ ಭಾಗ. "ಇಟ್ ಡಿಪೆಂಡ್ಸ್ ಆನ್ ವಾಟ್ ದೇ ಡಿಸೈಡ್" ಎಂಬಲ್ಲಿ 'ಆನ್' ಎಂಬ ಪ್ರಿಪೊಸಿಷನ್ನಿಗೆ ಕರ್ಮ. ಪ್ರಿಪೊಸಿಷನ್ ಎಂದರೆ 'ಇನ್', 'ಆನ್', 'ವಿತ್' ಮುಂತಾಗಿ ನಾಮಪದಕ್ಕಿಂತ ಮೊದಲು ನಿಂತು ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುವ ಪದ.

ತಪ್ಪುಗಳು ಹೆಚ್ಚಾಗಿ ಮೂರು ಕಡೆ ಆಗುತ್ತವೆ.

ಒಂದು, ಪದಗಳ ಅನುಕ್ರಮ. "ವೇರ್ ಈಸ್ ಹಿ?" ಎಂಬ ನೇರ ಪ್ರಶ್ನೆ ಉಪವಾಕ್ಯವಾದೊಡನೆ ಪ್ರಶ್ನೆಯ ಅನುಕ್ರಮವನ್ನು ಕಳೆದುಕೊಳ್ಳುತ್ತದೆ. "ಐ ಡು ನಾಟ್ ನೋ ವೇರ್ ಈಸ್ ಹಿ" ತಪ್ಪು, "ಐ ಡು ನಾಟ್ ನೋ ವೇರ್ ಹಿ ಈಸ್" ಸರಿ. ಅದೇ ರೀತಿ "ಟೆಲ್ ಮಿ ವಾಟ್ ಡಿಡ್ ಯು ಬೈ" ಅಲ್ಲ, "ಟೆಲ್ ಮಿ ವಾಟ್ ಯು ಬಾಟ್". ಕನ್ನಡದಲ್ಲಿ "ಅವನು ಎಲ್ಲಿದ್ದಾನೆ?" ಎಂಬುದೂ "ಅವನು ಎಲ್ಲಿದ್ದಾನೆ ಎಂದು ಗೊತ್ತಿಲ್ಲ" ಎಂಬುದೂ ಒಂದೇ ಅನುಕ್ರಮದಲ್ಲಿರುವುದರಿಂದ, ಇಂಗ್ಲಿಷಿನ ಪ್ರಶ್ನೆಯನ್ನೂ ಹಾಗೆಯೇ ಎತ್ತಿ ಇಡುವ ಅಭ್ಯಾಸ ನಮಗೆ ಬಂದುಬಿಟ್ಟಿದೆ.

ಎರಡು, 'ಎಂದು' ಎಂಬುದನ್ನು ಕುರುಡಾಗಿ 'ದಟ್' ಎಂದು ಮಾಡುವುದು. ನಮ್ಮ 'ಎಂದು' ಹೇಳಿದವನ ಮಾತನ್ನು ಹೇಳಿದ ಹಾಗೆಯೇ ಇಟ್ಟುಕೊಳ್ಳುತ್ತದೆ: "ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ." ಇದನ್ನು "ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ" ಎಂದರೆ ಬರುವವನು ರವಿಯಲ್ಲ, ನೀವು! 'ದಟ್' ಬಂದಮೇಲೆ ಮಾತು ವರದಿ ಮಾಡುವವರ ದೃಷ್ಟಿಗೆ ತಿರುಗುತ್ತದೆ, ಆದ್ದರಿಂದ 'ಐ' ಹೋಗಿ 'ಹಿ' ಬರಬೇಕು, 'ವಿಲ್' ಹೋಗಿ 'ವುಡ್' ಬರಬೇಕು, 'ಟುಮಾರೋ' ಸಾಮಾನ್ಯವಾಗಿ 'ದ ನೆಕ್ಸ್ಟ್ ಡೇ' ಆಗಬೇಕು: "ರವಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ." ಯಾವಾಗಲೂ ನಿಜವಾಗಿರುವ ಸಂಗತಿಯಾದರೆ ವರ್ತಮಾನವನ್ನು ಉಳಿಸಬಹುದು: "ದ ಟೀಚರ್ ಸೆಡ್ ದಟ್ ದ ಅರ್ತ್ ಗೋಸ್ ರೌಂಡ್ ದ ಸನ್."

ಮೂರು, 'ಇಫ್' ಮತ್ತು 'ವೆದರ್'. ಹೌದೋ ಅಲ್ಲವೋ ಎಂಬ ಅರ್ಥದಲ್ಲಿ ಕ್ರಿಯಾಪದದ ನಂತರ ಎರಡೂ ನಡೆಯುತ್ತವೆ. ಪ್ರಿಪೊಸಿಷನ್ನಿನ ನಂತರ, ಮತ್ತು ಉಪವಾಕ್ಯವೇ ವಾಕ್ಯದ ಆರಂಭದಲ್ಲಿ ಕರ್ತೃವಾಗಿ ನಿಂತಾಗ, 'ವೆದರ್' ಮಾತ್ರ. ಸಂಶಯವಿದ್ದರೆ ಯಾವಾಗಲೂ 'ವೆದರ್' ಬಳಸಿ, ನಷ್ಟವಿಲ್ಲ.

ಹಂತ 5: ವಿಶೇಷಣ ಉಪವಾಕ್ಯ

ಕನ್ನಡಿಗರು ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದೆಂದು ನನ್ನ ಅಭಿಪ್ರಾಯ, ಏಕೆಂದರೆ ಎರಡು ಭಾಷೆಗಳ ರಚನೆ ಇಲ್ಲಿ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದೆ. ಕನ್ನಡದ ವಿಶೇಷಣ ನಾಮಪದಕ್ಕಿಂತ ಮೊದಲು ಬರುತ್ತದೆ, "ನಿನ್ನೆ ಬಂದ ಹುಡುಗ". ಇಂಗ್ಲಿಷಿನ ವಿಶೇಷಣ ಉಪವಾಕ್ಯ ನಾಮಪದದ ನಂತರ ಬರುತ್ತದೆ, "ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ". ಮನುಷ್ಯರಿಗೆ 'ಹೂ', ಇತರ ವಸ್ತುಗಳಿಗೆ 'ವಿಚ್', ಎರಡಕ್ಕೂ 'ದಟ್', ಒಡೆತನಕ್ಕೆ 'ಹೂಸ್' ಎಂಬಷ್ಟು ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಅಷ್ಟರಲ್ಲಲ್ಲ.

ಈ ಮೂರು ಕನ್ನಡ ಪದಪುಂಜಗಳನ್ನು ಗಮನಿಸಿ: ನಾನು ಬರೆದ ಪತ್ರ, ನಾನು ಬರೆದ ಪೆನ್ನು, ನಾನು ಹುಟ್ಟಿದ ಊರು. ಪತ್ರವನ್ನು ಬರೆದೆ, ಪೆನ್ನಿನಿಂದ ಬರೆದೆ, ಊರಿನಲ್ಲಿ ಹುಟ್ಟಿದೆ ಎಂದು ಮೂರರಲ್ಲಿಯೂ ವಿಭಕ್ತಿ ಬೇರೆ. ಆದರೆ 'ಬರೆದ', 'ಹುಟ್ಟಿದ' ಎಂಬ ಕೃದಂತಗಳು ಆ ವಿಭಕ್ತಿಯನ್ನು ನುಂಗಿಕೊಂಡಿವೆ, ಕೇಳುವವರು ಊಹೆಯಿಂದ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿಗೆ ಈ ನುಂಗಾಟ ಗೊತ್ತಿಲ್ಲ. "ದ ಲೆಟರ್ ವಿಚ್ ಐ ರೋಟ್" ಸರಿ, ಆದರೆ "ದ ಪೆನ್ ವಿಚ್ ಐ ರೋಟ್" ಎಂದರೆ ಪೆನ್ನನ್ನೇ ಬರೆದಂತಾಯಿತು. ಅದು "ದ ಪೆನ್ ವಿತ್ ವಿಚ್ ಐ ರೋಟ್" ಆಗಬೇಕು, ಇಲ್ಲವೇ "ದ ಪೆನ್ ವಿಚ್ ಐ ರೋಟ್ ವಿತ್". "ದ ಟೌನ್ ವಿಚ್ ಐ ವಾಸ್ ಬಾರ್ನ್" ಅಲ್ಲ, "ದ ಟೌನ್ ಇನ್ ವಿಚ್ ಐ ವಾಸ್ ಬಾರ್ನ್" ಅಥವಾ "ದ ಟೌನ್ ವೇರ್ ಐ ವಾಸ್ ಬಾರ್ನ್". ಬರೆಯುವ ಮೊದಲು ಉಪವಾಕ್ಯವನ್ನು ಬಿಡಿ ವಾಕ್ಯವಾಗಿ ಹೇಳಿಕೊಳ್ಳಿ: "ಐ ವಾಸ್ ಬಾರ್ನ್ ಇನ್ ದ ಟೌನ್." ಅಲ್ಲಿ 'ಇನ್' ಇದ್ದರೆ ಜೋಡಿಸಿದ ಮೇಲೆಯೂ ಅದು ಎಲ್ಲಿಯಾದರೂ ಇರಲೇಬೇಕು. ಪ್ರಿಪೊಸಿಷನ್ 'ವಿಚ್'ಗೆ ಮೊದಲು ಬರಬಹುದೇ ಹೊರತು 'ದಟ್'ಗೆ ಮೊದಲು ಬರಲಾರದು ಎಂಬುದನ್ನೂ ನೆನಪಿಡಿ. "ದ ಟೌನ್ ಇನ್ ದಟ್" ಎಂಬ ರಚನೆ ಇಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು, ಬೇಡದ ಸರ್ವನಾಮವನ್ನು ಉಳಿಸುವುದು. "ದ ಬುಕ್ ವಿಚ್ ಐ ಬಾಟ್ ಇಟ್ ಈಸ್ ಗುಡ್" ಎಂಬಲ್ಲಿ 'ವಿಚ್' ಆಗಲೇ ಪುಸ್ತಕದ ಜಾಗದಲ್ಲಿ ಕೂತಿದೆ; 'ಇಟ್' ಬಂದರೆ ಒಂದೇ ಜಾಗಕ್ಕೆ ಇಬ್ಬರು. 'ಇಟ್' ತೆಗೆಯಿರಿ.

ಅಲ್ಪವಿರಾಮದ ವಿಷಯದಲ್ಲಿ ನಾವು ಉದಾಸೀನರು, ಅದಕ್ಕೂ ಕಾರಣವಿದೆ. "ಹಾಸನದಲ್ಲಿರುವ ನನ್ನ ತಮ್ಮ ಡಾಕ್ಟರು" ಎಂದಾಗ ನಿಮಗೆ ಒಬ್ಬನೇ ತಮ್ಮನೋ ಹಲವರೋ ಎಂದು ಕನ್ನಡ ವಾಕ್ಯ ಹೇಳುವುದಿಲ್ಲ. ಇಂಗ್ಲಿಷ್ ಬರವಣಿಗೆ ಹೇಳುತ್ತದೆ. "ಮೈ ಬ್ರದರ್ ಹೂ ಲಿವ್ಸ್ ಇನ್ ಹಾಸನ್ ಈಸ್ ಎ ಡಾಕ್ಟರ್" ಎಂದು ಅಲ್ಪವಿರಾಮವಿಲ್ಲದೆ ಬರೆದರೆ ಹಲವರು ತಮ್ಮಂದಿರಲ್ಲಿ ಹಾಸನದವನು ಎಂದರ್ಥ. ಇದು ಗುರುತಿಸುವ ಉಪವಾಕ್ಯ. "ಮೈ ಬ್ರದರ್, ಹೂ ಲಿವ್ಸ್ ಇನ್ ಹಾಸನ್, ಈಸ್ ಎ ಡಾಕ್ಟರ್" ಎಂದು ಎರಡೂ ಕಡೆ ಅಲ್ಪವಿರಾಮ ಹಾಕಿದರೆ ತಮ್ಮ ಒಬ್ಬನೇ, ಊರಿನ ಮಾತು ಹೆಚ್ಚಿನ ಮಾಹಿತಿ ಅಷ್ಟೇ. ಹೆಚ್ಚಿನ ಮಾಹಿತಿ ಕೊಡುವ ಉಪವಾಕ್ಯದಲ್ಲಿ 'ದಟ್' ಬಳಸುವಂತಿಲ್ಲ, ತಲೆಪದವನ್ನು ಬಿಡುವಂತೆಯೂ ಇಲ್ಲ. ಗುರುತಿಸುವ ಉಪವಾಕ್ಯದಲ್ಲಿ ತಲೆಪದ ಕರ್ಮವಾಗಿದ್ದರೆ ಬಿಡಬಹುದು, "ದ ಬುಕ್ ಐ ಬಾಟ್". ಕರ್ತೃವಾಗಿದ್ದರೆ ಬಿಡಲಾಗದು, "ದ ಬಾಯ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಕಸಿನ್" ತಪ್ಪು.

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಈ ಎರಡನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಲಿ. "ಹಿ ಈಸ್ ಒನ್ ಆಫ್ ದ ಬಾಯ್ಸ್ ಹೂ ಹ್ಯಾವ್ ಪಾಸ್ಡ್" ಎಂಬಲ್ಲಿ 'ಹೂ' ಸೂಚಿಸುವುದು 'ಬಾಯ್ಸ್' ಎಂಬುದನ್ನು, ಆದ್ದರಿಂದ 'ಹ್ಯಾಸ್' ಅಲ್ಲ, 'ಹ್ಯಾವ್'. ಇನ್ನೊಂದು, ನಾಮಪದದ ಬೆನ್ನಿಗೆ ಬಂದ 'ದಟ್' ಎಲ್ಲವೂ ವಿಶೇಷಣ ಉಪವಾಕ್ಯವನ್ನೇ ತರುತ್ತದೆ ಎಂದಿಲ್ಲ. "ದ ನ್ಯೂಸ್ ದಟ್ ಹಿ ಬ್ರಾಟ್ ವಾಸ್ ಫಾಲ್ಸ್" ಎಂಬಲ್ಲಿ 'ದಟ್' ತೆಗೆದರೆ "ಹಿ ಬ್ರಾಟ್" ಎಂಬ ಅರೆವಾಕ್ಯ ಉಳಿಯುತ್ತದೆ, ಏನನ್ನು ತಂದ ಎಂಬುದು ಬಾಕಿ. ಇದು ವಿಶೇಷಣ ಉಪವಾಕ್ಯ, ಕನ್ನಡದಲ್ಲಿ "ಅವನು ತಂದ ಸುದ್ದಿ". "ದ ನ್ಯೂಸ್ ದಟ್ ಹಿ ಹ್ಯಾಡ್ ಪಾಸ್ಡ್ ವಾಸ್ ಫಾಲ್ಸ್" ಎಂಬಲ್ಲಿ "ಹಿ ಹ್ಯಾಡ್ ಪಾಸ್ಡ್" ತಾನೇ ಪೂರ್ಣ. ಇದು ಸುದ್ದಿ ಏನೆಂದು ಹೇಳುವ ನಾಮಪದ ಉಪವಾಕ್ಯ, ಕನ್ನಡದಲ್ಲಿ "ಅವನು ಪಾಸಾದನೆಂಬ ಸುದ್ದಿ". 'ತಂದ' ಮತ್ತು 'ಪಾಸಾದನೆಂಬ' ಎಂಬ ಎರಡು ರೂಪಗಳೇ ಭೇದವನ್ನು ಹೇಳುತ್ತವೆ. 'ಫ್ಯಾಕ್ಟ್', 'ಐಡಿಯಾ', 'ಹೋಪ್', 'ರೂಮರ್', 'ಬಿಲೀಫ್' ಮುಂತಾದ ನಾಮಪದಗಳ ನಂತರ 'ದಟ್' ಬಂದಾಗ ಈ ಪರೀಕ್ಷೆಯನ್ನು ತಪ್ಪದೆ ಮಾಡಿ.

ಹಂತ 6: ಕ್ರಿಯಾವಿಶೇಷಣ ಉಪವಾಕ್ಯ

ಯಾವಾಗ, ಎಲ್ಲಿ, ಏಕೆ, ಹೇಗೆ, ಯಾವ ಷರತ್ತಿನ ಮೇಲೆ, ಯಾವ ಉದ್ದೇಶಕ್ಕೆ, ಏನನ್ನು ಲೆಕ್ಕಿಸದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಉಪವಾಕ್ಯವಿದು. ಒಳಭೇದಗಳ ಹೆಸರುಗಳು ಉದ್ದವಾಗಿದ್ದರೂ ಕಷ್ಟದವಲ್ಲ: ಕಾಲ, ಸ್ಥಳ, ಕಾರಣ, ರೀತಿ, ಷರತ್ತು, ಉದ್ದೇಶ, ಪರಿಣಾಮ, ಹೋಲಿಕೆ, ವಿರೋಧ. ಇಲ್ಲಿಯೂ ತಲೆಪದವೊಂದನ್ನೇ ನೆಚ್ಚಬೇಡಿ. 'ಸಿನ್ಸ್' ಎಂಬುದು "ಅಂದಿನಿಂದ" ಎಂದಾಗ ಕಾಲ, "ಆದ್ದರಿಂದ" ಎಂದಾಗ ಕಾರಣ. 'ಆಸ್' ಅಂತೂ ಕಾಲ, ಕಾರಣ, ರೀತಿ ಮೂರಕ್ಕೂ ಬರುತ್ತದೆ. 'ಸೋ ದಟ್' ಒಟ್ಟಿಗೆ ಬಂದು ಮುಂದೆ 'ಕ್ಯಾನ್', 'ಮೇ', 'ಕುಡ್', 'ಮೈಟ್' ಇದ್ದರೆ ಬಹುಮಟ್ಟಿಗೆ ಉದ್ದೇಶ. "ಸೋ ಟಯರ್ಡ್ ದಟ್" ಎಂದು ನಡುವೆ ಗುಣವಾಚಕ ಸೇರಿಕೊಂಡರೆ ಪರಿಣಾಮ.

ಕಾಲ ಮತ್ತು ಷರತ್ತಿನ ಉಪವಾಕ್ಯಗಳಲ್ಲಿ ಭವಿಷ್ಯತ್ತನ್ನು ಹೇಳುವಾಗಲೂ 'ವಿಲ್' ಬರುವುದಿಲ್ಲ. "ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್" ತಪ್ಪು. "ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್" ಸರಿ. ಇದನ್ನು ನೆನಪಿಡಲು ಕನ್ನಡವೇ ನೆರವಾಗುತ್ತದೆ: ನಾಳಿನ ಮಾತಾದರೂ ನಾವು "ಅವನು ಬಂದಾಗ ಹೇಳುತ್ತೇನೆ", "ಮಳೆ ಬಂದರೆ ಆಟ ನಿಲ್ಲುತ್ತದೆ" ಎನ್ನುತ್ತೇವೆ, ಅಲ್ಲಿ ನಾವೂ ಭವಿಷ್ಯದ ರೂಪವನ್ನು ಹಾಕುವುದಿಲ್ಲ. ಆದರೆ ನಾಮಪದ ಉಪವಾಕ್ಯದಲ್ಲಿ 'ವಿಲ್' ಬರಬಹುದು, ಬರಬೇಕು: "ಐ ಡು ನಾಟ್ ನೋ ವೆನ್ ಹಿ ವಿಲ್ ಕಮ್." ಉಪವಾಕ್ಯದ ಬಗೆಯನ್ನು ಗುರುತಿಸುವುದು ಬರೀ ಪರೀಕ್ಷೆಯ ಕಸರತ್ತು ಎಂದುಕೊಂಡವರು ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು, ಬಗೆ ತಿಳಿಯದೆ ಕಾಲವನ್ನು ಸರಿಯಾಗಿ ಹಾಕುವುದು ಸಾಧ್ಯವಿಲ್ಲ.

'ಅನ್‌ಲೆಸ್' ಎಂಬ ಪದದ ಒಳಗೇ 'ಇಲ್ಲ' ಇದೆ. "ನೀನು ಓದದಿದ್ದರೆ ಪಾಸಾಗುವುದಿಲ್ಲ" ಎಂಬುದರ 'ಓದದ' ಎಂಬ ನಿಷೇಧವನ್ನು ಹಾಗೆಯೇ ತಂದು "ಅನ್‌ಲೆಸ್ ಯು ಡು ನಾಟ್ ಸ್ಟಡಿ" ಎಂದು ಬರೆಯುವವರು ಬಹಳ. 'ಅನ್‌ಲೆಸ್ ಯು ಸ್ಟಡಿ' ಅಥವಾ 'ಇಫ್ ಯು ಡು ನಾಟ್ ಸ್ಟಡಿ', ಎರಡರಲ್ಲಿ ಒಂದು ಸಾಕು.

ಒಂದು ಜೋಡಣೆಗೆ ಒಂದೇ ಪದ ಎಂಬ ನಿಯಮವನ್ನು ಮರೆತಾಗ "ಆಲ್ದೋ ಹಿ ವಾಸ್ ಇಲ್, ಬಟ್ ಹಿ ಕೇಮ್", "ಆಸ್ ಇಟ್ ವಾಸ್ ರೇನಿಂಗ್, ಸೋ ವಿ ಸ್ಟೇಡ್ ಇನ್" ಎಂಬ ವಾಕ್ಯಗಳು ಹುಟ್ಟುತ್ತವೆ. 'ಬಟ್', 'ಸೋ' ಎರಡನ್ನೂ ತೆಗೆಯಿರಿ. ಇದಕ್ಕೆ ಹೊರತಾಗಿ ಜೋಡಿಯಾಗಿಯೇ ಬರಬೇಕಾದ ಕೆಲವು ಪದಗಳಿವೆ: 'ನೋ ಸೂನರ್' ಎಂಬುದಕ್ಕೆ 'ದ್ಯಾನ್', 'ಹಾರ್ಡ್ಲಿ' ಎಂಬುದಕ್ಕೆ 'ವೆನ್'. "ನೋ ಸೂನರ್ ಹ್ಯಾಡ್ ದ ಬೆಲ್ ರಂಗ್ ದ್ಯಾನ್ ದ ಚಿಲ್ಡ್ರನ್ ರ‍್ಯಾನ್ ಔಟ್" ಎಂಬಲ್ಲಿ 'ದ್ಯಾನ್' ಬದಲು 'ವೆನ್' ಹಾಕುವುದು ಪ್ರಶ್ನೆಪತ್ರಿಕೆಗಳಲ್ಲಿ ಬಹು ಹಳೆಯ ಬಲೆ.

ಹಂತ 7: ಇಡೀ ವಾಕ್ಯವನ್ನು ಬಿಡಿಸಿ

ಈಗ ಎಲ್ಲ ಹಂತಗಳನ್ನೂ ಒಂದೇ ವಾಕ್ಯದ ಮೇಲೆ ಪ್ರಯೋಗಿಸೋಣ: "ದ ಕ್ಲರ್ಕ್ ಟೋಲ್ಡ್ ಅಸ್ ದಟ್ ದ ಫಾರ್ಮ್ ವಿ ಹ್ಯಾಡ್ ಫಿಲ್ಡ್ ಇನ್ ವುಡ್ ಬಿ ಆಕ್ಸೆಪ್ಟೆಡ್ ಓನ್ಲಿ ಇಫ್ ವಿ ಅಟ್ಯಾಚ್ಡ್ ದ ರಿಸೀಟ್."

ಪೂರ್ಣ ಕ್ರಿಯಾಪದಗಳು 'ಟೋಲ್ಡ್', 'ಹ್ಯಾಡ್ ಫಿಲ್ಡ್ ಇನ್', 'ವುಡ್ ಬಿ ಆಕ್ಸೆಪ್ಟೆಡ್', 'ಅಟ್ಯಾಚ್ಡ್' ಎಂದು 4. ಕಾಣುವ ತಲೆಪದಗಳು 'ದಟ್' ಮತ್ತು 'ಇಫ್' ಮಾತ್ರ. 'ಟೋಲ್ಡ್' ಎಂಬುದಕ್ಕೆ ತಲೆಪದವಿಲ್ಲ, ಆದ್ದರಿಂದ "ದ ಕ್ಲರ್ಕ್ ಟೋಲ್ಡ್ ಅಸ್" ಪ್ರಧಾನ ಉಪವಾಕ್ಯ. "ವಿ ಹ್ಯಾಡ್ ಫಿಲ್ಡ್ ಇನ್" ಎಂಬುದಕ್ಕೂ ತಲೆಪದ ಕಾಣುತ್ತಿಲ್ಲ, ಆದರೆ ಅದು 'ಫಾರ್ಮ್' ಎಂಬ ನಾಮಪದದ ಬೆನ್ನಿಗೆ ನಿಂತಿದೆ, 'ವಿಚ್' ಅಡಗಿದೆ; ಅದು ವಿಶೇಷಣ ಉಪವಾಕ್ಯ. 'ದಟ್' ಎಂಬಲ್ಲಿಂದ ವಾಕ್ಯದ ಕೊನೆಯವರೆಗಿನ ಇಡೀ ಭಾಗ 'ಟೋಲ್ಡ್' ಎಂಬುದರ ಕರ್ಮ, ಅದು ನಾಮಪದ ಉಪವಾಕ್ಯ. 'ಇಫ್' ಭಾಗ ಷರತ್ತಿನ ಕ್ರಿಯಾವಿಶೇಷಣ ಉಪವಾಕ್ಯ. ಅದು 'ಟೋಲ್ಡ್' ಎಂಬುದಕ್ಕಲ್ಲ, 'ವುಡ್ ಬಿ ಆಕ್ಸೆಪ್ಟೆಡ್' ಎಂಬುದಕ್ಕೆ ಅಧೀನ. ಹೀಗೆ ಅಧೀನದ ಒಳಗೆ ಇನ್ನೊಂದು ಅಧೀನ ಇರುವುದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಕಿಲ್ಲ. ಕನ್ನಡದಲ್ಲಿ ಒಮ್ಮೆ ಹೇಳಿನೋಡಿ: ನಾವು ತುಂಬಿದ ಅರ್ಜಿಯನ್ನು ರಸೀದಿ ಲಗತ್ತಿಸಿದರೆ ಮಾತ್ರ ಸ್ವೀಕರಿಸಲಾಗುವುದು ಎಂದು ಗುಮಾಸ್ತರು ತಿಳಿಸಿದರು. 'ತುಂಬಿದ', 'ಲಗತ್ತಿಸಿದರೆ', 'ಎಂದು' ಎಂಬ ಮೂರು ಗುರುತುಗಳು ಮೂರು ಬಗೆಗಳಿಗೆ ಸರಿಯಾಗಿ ಹೊಂದಿಕೊಳ್ಳುತ್ತವೆ.

ಅಭ್ಯಾಸಕ್ಕೆ

ಈ ವಾಕ್ಯಗಳ ಅಧೀನ ಉಪವಾಕ್ಯಗಳನ್ನು ಗುರುತಿಸಿ. ಉತ್ತರ ನೋಡುವ ಮುನ್ನ ಕಾಗದದ ಮೇಲೆ ಬರೆದುಕೊಳ್ಳಿ.

1. "ಟೆಲ್ ಮಿ ವೇರ್ ಯು ಕೆಪ್ಟ್ ದ ಕೀ."
2. "ಕೀಪ್ ದ ಕೀ ವೇರ್ ಐ ಕ್ಯಾನ್ ಸೀ ಇಟ್."
3. "ದಿಸ್ ಈಸ್ ದ ಶೆಲ್ಫ್ ವೇರ್ ಐ ಕೆಪ್ಟ್ ದ ಕೀ."
4. "ಹೂಎವರ್ ಕಮ್ಸ್ ಫಸ್ಟ್ ವಿಲ್ ಗೆಟ್ ದ ಸೀಟ್."
5. "ದ ರೀಸನ್ ವೈ ಹಿ ರಿಸೈನ್ಡ್ ಈಸ್ ದಟ್ ಹಿಸ್ ಮದರ್ ವಾಸ್ ಇಲ್."
6. "ವಿ ಆರ್ ಸಾರಿ ದಟ್ ಯು ಹ್ಯಾಡ್ ಟು ವೇಟ್."

ಮೊದಲನೆಯದು ಕರ್ಮಸ್ಥಾನದ ನಾಮಪದ ಉಪವಾಕ್ಯ, ಎರಡನೆಯದು ಸ್ಥಳ ಸೂಚಿಸುವ ಕ್ರಿಯಾವಿಶೇಷಣ ಉಪವಾಕ್ಯ, ಮೂರನೆಯದು 'ಶೆಲ್ಫ್' ಎಂಬುದನ್ನು ಬಣ್ಣಿಸುವ ವಿಶೇಷಣ ಉಪವಾಕ್ಯ. ನಾಲ್ಕನೆಯದರಲ್ಲಿ "ಹೂಎವರ್ ಕಮ್ಸ್ ಫಸ್ಟ್" ಎಂಬ ಇಡೀ ಉಪವಾಕ್ಯವೇ 'ವಿಲ್ ಗೆಟ್' ಎಂಬುದರ ಕರ್ತೃ, ಆದ್ದರಿಂದ ನಾಮಪದ ಉಪವಾಕ್ಯ. 'ಹೂ' ಕಂಡೊಡನೆ ವಿಶೇಷಣವೆಂದು ಬರೆದವರು ಹಂತ 3ಕ್ಕೆ ಮರಳಬೇಕು. ಐದನೆಯದರಲ್ಲಿ 2 ಇವೆ: 'ವೈ' ಭಾಗ 'ರೀಸನ್' ಎಂಬುದಕ್ಕೆ ವಿಶೇಷಣ, 'ದಟ್' ಭಾಗ ಪೂರಕವಾದ ನಾಮಪದ ಉಪವಾಕ್ಯ. ಆ 'ದಟ್' ಜಾಗದಲ್ಲಿ 'ಬಿಕಾಸ್' ಎಂದು ಬರೆಯುವುದು ಮಾತಿನಲ್ಲಿ ಕೇಳಿಬಂದರೂ ಪರೀಕ್ಷೆಗಳಲ್ಲಿ ತಪ್ಪು. ಆರನೆಯದರ ಬಗ್ಗೆ ವ್ಯಾಕರಣಕಾರರಲ್ಲಿಯೇ ಒಮ್ಮತವಿಲ್ಲ: 'ಸಾರಿ', 'ಗ್ಲಾಡ್', 'ಶೂರ್' ಮುಂತಾದ ಗುಣವಾಚಕಗಳ ನಂತರದ 'ದಟ್' ಭಾಗವನ್ನು ಕೆಲವರು ಕಾರಣಸೂಚಕ ಕ್ರಿಯಾವಿಶೇಷಣ ಎನ್ನುತ್ತಾರೆ, ಕೆಲವರು ನಾಮಪದ ಉಪವಾಕ್ಯ ಎನ್ನುತ್ತಾರೆ. ನಿಮಗೆ ನಿಗದಿಯಾದ ಪಠ್ಯಪುಸ್ತಕ ಯಾವ ಹೆಸರನ್ನು ಬಳಸಿದೆಯೋ ಅದನ್ನೇ ಬರೆಯಿರಿ.